ಒಂದು ಗೋಡೆ, ಎರಡು ಅಂಬಲಿ

ಒಳ್ಳೆಯದು ಕೆಟ್ಟದರ ನಡುವೆ ಆರಿಸಿಕೊಳ್ಳುವುದು ಕಷ್ಟ ಎಂದು ತಿಳಿದವರು ಹೇಳುತ್ತಾರೆ. ನನಗೆ ಅದರಲ್ಲಿ ಯಾವತ್ತೂ ಕಷ್ಟವಾಗಿಲ್ಲ. ಒಂದು ತಟ್ಟೆಯಲ್ಲಿ ಮೈಸೂರು ಪಾಕು, ಇನ್ನೊಂದರಲ್ಲಿ ಹಾಗಲಕಾಯಿ ಇಟ್ಟರೆ ಕಣ್ಣು ಮುಚ್ಚಿಕೊಂಡು ಕೈ ಹಾಕಬಲ್ಲೆ. ನನ್ನ ಪ್ರಾಣ ಹೋಗುವುದು ಎರಡೂ ಒಂದೇ ತರ ಇದ್ದಾಗ. ಖಾಲಿ ದೋಸೆಯೋ ಸೆಟ್ ದೋಸೆಯೋ ಎಂದು ಮಾಣಿ ಕೇಳಿದರೆ, ಎರಡಕ್ಕೂ ಏನು ವ್ಯತ್ಯಾಸ ಎಂದು ವಿಚಾರಿಸಿ, ಅವನು ವಿವರಿಸಿದ ಮೇಲೆ ಇನ್ನಷ್ಟು ಗೊಂದಲಕ್ಕೆ ಬಿದ್ದು, ಕೊನೆಗೆ ಬರೀ ಕಾಫಿ ಕುಡಿದು ಎದ್ದು ಬಂದವನು ನಾನು. ನನ್ನ ಮದುವೆ ಸುಸೂತ್ರವಾಗಿ ಆದದ್ದಕ್ಕೂ ಇದೇ ಕಾರಣ ಎಂದು ಹೆಂಡತಿ ವಸುಧಾ ಹೇಳುತ್ತಾಳೆ. ಅವಳು ಧಾರವಾಡದವಳು, ನಾನು ಮೈಸೂರಿನವನು. ಅವರ ಮನೆಯಿಂದ ಬಂದದ್ದು ಒಂದೇ ಒಂದು ಫೋಟೊ. "ಎರಡು ಫೋಟೊ ಕಳಿಸಿದ್ರ ನೀವು ಇನ್ನೂ ಬ್ರಹ್ಮಚಾರಿನೇ ಇರ್ತಿದ್ರಿ" ಎಂದು ಅವಳು ಬಂದವರ ಮುಂದೆಲ್ಲ ಹೇಳುವುದುಂಟು. ನಾನೂ ನಗುತ್ತೇನೆ. ಅದು ಸುಳ್ಳು ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಈಗ ಹೇಳಹೊರಟಿರುವುದು ಒಂದು ಗೋಡೆಯ ವಿಷಯ. ಆದರೆ ಗೋಡೆಗೆ ಬರುವ ಮೊದಲು ಇನ್ನೊಂದು ವಿಷಯ ಹೇಳಿಬಿಡಬೇಕು. ನನ್ನ ಕೆಲಸ ಹೋಯಿತು. ಹೀಗೆ ಒಂದೇ ವಾಕ್ಯದಲ್ಲಿ ಬರೆಯುವುದಕ್ಕೆ ನನಗೆ ತಿಂಗಳುಗಳೇ ಬೇಕಾದವು. ಮೊದಮೊದಲು 'ಬ್ರೇಕ್ ತೊಗೊಂಡಿದೀನಿ' ಅನ್ನುತ್ತಿದ್ದೆ, ಆಮೇಲೆ 'ನೋಡ್ತಾ ಇದೀನಿ' ಅಂದೆ. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಡೇಟಾಬೇಸ್ ಕಾಯುವ ಕೆಲಸ ನನ್ನದಾಗಿತ್ತು. ವಸುಧಾ ಅಲ್ಲೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ವರ್ಷಗಟ್ಟಲೆ ಇಬ್ಬರೂ ಲಾಂಗ್ ಐಲೆಂಡಿನ ನಮ್ಮ ಹಿಕ್ಸ್‌ವಿಲ್ ಸ್ಟೇಷನ್ನಿನಲ್ಲಿ ಒಂದೇ ರೈಲು ಹತ್ತಿ, ಒಂದೇ ಬೆಂಚಿನಲ್ಲಿ ಕೂತು, ಒಬ್ಬರ ಭುಜದ ಮೇಲೆ ಒಬ್ಬರು ತೂಕಡಿಸುತ್ತ ಹೋದವರು. ಈಗ ಅವಳನ್ನು ಸ್ಟೇಷನ್ನಿನಲ್ಲಿ ಇಳಿಸಿ ನಾನು ಕಾರು ತಿರುಗಿಸಿಕೊಂಡು ಮನೆಗೆ ಬರುತ್ತೇನೆ. ಪರಿಚಯದವರು ಯಾರಾದರೂ ಕಿಟಕಿಯ ಹತ್ತಿರ ಬಗ್ಗಿ "ಏನ್ಸಾರ್, ವರ್ಕ್ ಫ್ರಮ್ ಹೋಮಾ?" ಎಂದು ಕೇಳುತ್ತಾರೆ. ಹೂಂ ಅನ್ನುತ್ತೇನೆ. ಹೋಮ್ ಅಂತೂ ಇದೆ, ಆದ್ದರಿಂದ ಅರ್ಧ ನಿಜ ಹೇಳಿದ ಹಾಗಾಯಿತು.

ಕೆಲಸ ಹೋದವನಿಗೆ ಈ ಕಾಲದಲ್ಲಿ ಬೇಕಾದದ್ದು ಒಳ್ಳೆಯ ಗೋಡೆ. ಇದು ನನಗೂ ಗೊತ್ತಿರಲಿಲ್ಲ. ನಾನು ಹಿಂದಿನ ಸಲ ಕೆಲಸ ಹುಡುಕಿದಾಗ ಒಳ್ಳೆಯ ಬೂಟು ಇದ್ದರೆ ಸಾಕಾಗಿತ್ತು. ಈಗ ಎಲ್ಲ ಇಂಟರ್‌ವ್ಯೂಗಳೂ ಕ್ಯಾಮೆರಾ ಮುಂದೆ. ಬೂಟು ಯಾರಿಗೂ ಕಾಣುವುದಿಲ್ಲ, ಬೆನ್ನ ಹಿಂದಿನ ಗೋಡೆ ಮಾತ್ರ ಎಲ್ಲರಿಗೂ ಕಾಣುತ್ತದೆ. ನಾನು ಕೂರುವುದು ಮಗಳು ಅನಘಾಳ ಕೋಣೆಯಲ್ಲಿ. ಅವಳು ಈಗ ಬಾಸ್ಟನ್ನಿನಲ್ಲಿ ಓದುತ್ತಿದ್ದಾಳೆ. ಆ ಕೋಣೆಗೆ ಬಣ್ಣ ಆರಿಸಿದವಳು ಅವಳೇ, ಎರಡನೇ ಕ್ಲಾಸಿನಲ್ಲಿದ್ದಾಗ. ಆರಿಸಿದ್ದು ಗಿಳಿ ಹಸಿರು. ನಾವು ಬೇಡ ಅನ್ನಲಿಲ್ಲ. ಮಕ್ಕಳ ಆಸೆಗೆ ಅಡ್ಡಿ ಬರಬಾರದು ಎಂದು ಯಾವುದೋ ಲೇಖನ ಓದಿದ್ದೆವು.

ಮೊದಲ ಇಂಟರ್‌ವ್ಯೂನಲ್ಲಿ ಎದುರಿಗಿದ್ದವನು ಅನಘಾಳಿಗಿಂತ ಸ್ವಲ್ಪ ದೊಡ್ಡವನಿರಬಹುದು, ಅಷ್ಟೇ. ನನ್ನನ್ನು ನೋಡಿದ ಕೂಡಲೇ ಬಹಳ ವಿನಯದಿಂದ, ಹಿಂದಿನ ದೃಶ್ಯ ಬದಲಿಸುವ ನಿಮ್ಮ ಗ್ರೀನ್ ಸ್ಕ್ರೀನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದನ್ನು ಆಫ್ ಮಾಡಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇದು ಸ್ಕ್ರೀನ್ ಅಲ್ಲ, ಗೋಡೆ ಎಂದೆ. ಅವನು ನಂಬಲಿಲ್ಲ. ಇಂಟರ್‌ವ್ಯೂಗಳಲ್ಲಿ ಮೋಸ ಮಾಡುವವರು ಹೆಚ್ಚಾಗಿದ್ದಾರಂತೆ. ಹಿಂದೆ ಪರದೆ ಕಟ್ಟಿಕೊಂಡು, ಪಕ್ಕದಲ್ಲಿ ಯಾರನ್ನೋ ಕೂರಿಸಿಕೊಂಡು ಉತ್ತರ ಹೇಳಿಸಿಕೊಳ್ಳುತ್ತಾರಂತೆ. ಕೊನೆಗೆ ನಾನು ಎದ್ದು ಹೋಗಿ ಗೋಡೆಯನ್ನು ಕೈಯಿಂದ ತಟ್ಟಿ ತೋರಿಸಬೇಕಾಯಿತು. ಅಂಗಿ ಇಸ್ತ್ರಿ ಮಾಡಿದ್ದೆ, ಕೆಳಗೆ ಪೈಜಾಮವಿತ್ತು. ಅದೂ ಅವನಿಗೆ ಕಾಣಿಸಿತು. ಆ ಕೆಲಸ ಬರಲಿಲ್ಲ.

ಬರದೇ ಇದ್ದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಅವನು ಕೇಳಿದ ಹೊಸ ಹೊಸ ಸಾಫ್ಟ್‌ವೇರ್‌ಗಳ ಹೆಸರುಗಳಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ, ಮತ್ತು ನನ್ನ ತಲೆಗೂದಲು ಎಷ್ಟು ಬೆಳ್ಳಗಾಗಿದೆ ಎಂಬುದು ಅವನಿಗೆ ಗೊತ್ತಾಗಿತ್ತು. ಆದರೆ ವಯಸ್ಸಿಗೆ ಏನು ಮಾಡಲು ಬರುತ್ತದೆ? ಗೋಡೆಯಾದರೆ ಕೈಗೆ ಸಿಗುವ ವಸ್ತು, ಅದನ್ನು ಬದಲಾಯಿಸಬಹುದು. ಆ ಸಾಯಂಕಾಲ ವಸುಧಾಳನ್ನು ಸ್ಟೇಷನ್ನಿನಿಂದ ಕರೆದುಕೊಂಡು ಬರುವಾಗ "ಎಲ್ಲಾ ಆ ಹಸಿರು ಗೋಡೆಯಿಂದ ಆಯ್ತು ಕಣೆ" ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿ, "ಹಂಗಿದ್ರ ಬಣ್ಣ ಹಚ್ಚೋಣಂತ ಬಿಡ್ರಿ" ಎಂದಳು.

ಬೇರೆ ಕೋಣೆಯಲ್ಲಿ ಕೂರಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಮಲಗುವ ಕೋಣೆಯಲ್ಲಿ ಎಲ್ಲಿ ಕೂತರೂ ಹಿಂದೆ ಮಂಚ ಕಾಣುತ್ತದೆ. ಕೆಲಸವಿಲ್ಲದವನ ಹಿಂದೆ ಮಂಚ ಕಾಣಬಾರದು. ಬೇಸ್‌ಮೆಂಟಿನಲ್ಲಿ ಹೀಟರಿನ ಯಂತ್ರ ಗುರುಗುಟ್ಟುತ್ತದೆ. ಅಡುಗೆಮನೆಯ ವಿಷಯ ಬೇಡ. ಹಿಂದಿನದೆಲ್ಲ ಮಸುಕು ಮಾಡುವ ಗುಂಡಿ ಇದೆಯಲ್ಲ ಎಂದರೆ, ಅದನ್ನೂ ಒತ್ತಿ ನೋಡಿದೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಗೋಡೆ ಎಲ್ಲಿ ಮುಗಿಯುತ್ತದೆ, ನಾನು ಎಲ್ಲಿ ಶುರುವಾಗುತ್ತೇನೆ ಎಂಬುದು ತಿಳಿಯದೆ ನನ್ನ ಎರಡೂ ಕಿವಿಗಳನ್ನು ತಿಂದುಹಾಕಿತು. ಕಿವಿಯಿಲ್ಲದವನಿಗೆ ಟೀಮ್ ಲೀಡ್ ಕೆಲಸ ಯಾರು ಕೊಡುತ್ತಾರೆ?

ಹಾಗಾಗಿ ಬಣ್ಣದ ಅಂಗಡಿಗೆ ಹೋದೆ. ಇಂಟರ್‌ವ್ಯೂ ಕಲಿಸುವ ವಿಡಿಯೊಗಳಲ್ಲೆಲ್ಲ ಒಂದೇ ಉಪದೇಶ: ಗೋಡೆ ಮಂಕಾಗಿರಬೇಕು, ಕಣ್ಣಿಗೆ ಬೀಳಬಾರದು, ನೀವು ಮಾತ್ರ ಕಣ್ಣಿಗೆ ಬೀಳಬೇಕು. ಮಂಕು ಎಂದರೆ ಒಂದೇ ಇರುತ್ತದೆ ಎಂದುಕೊಂಡಿದ್ದೆ. ಅಂಗಡಿಯ ಒಂದಿಡೀ ಗೋಡೆಯ ತುಂಬ ಮಂಕು ಬಣ್ಣಗಳ ಚೀಟಿಗಳಿದ್ದವು. ಪ್ರತಿಯೊಂದಕ್ಕೂ ಹೆಸರು, ಒಂದಕ್ಕಿಂತ ಒಂದು ವೈರಾಗ್ಯದ ಹೆಸರು. ಬಣ್ಣಕ್ಕೆ ಹೆಸರಿಡುವ ಕೆಲಸ ಯಾರಿಗೋ ಇದೆ, ಅವರಿಗೆ ಪ್ರತಿ ತಿಂಗಳೂ ಸಂಬಳ ಬರುತ್ತದೆ ಎಂದು ನೆನೆದು ಅಲ್ಲೇ ಸ್ವಲ್ಪ ಹೊತ್ತು ಬೇಸರಪಟ್ಟೆ. ಕೊನೆಗೆ ಎರಡು ಆರಿಸಿ, ಒಂದೊಂದು ಪುಟ್ಟ ಸ್ಯಾಂಪಲ್ ಡಬ್ಬಿ ತಂದೆ. ಒಂದರ ಹೆಸರು 'ಸೈಲೆಂಟ್ ಪೆಬಲ್', ಇನ್ನೊಂದರದು 'ಲೋನ್ಲಿ ಶೋರ್'. ಕೌಂಟರಿನಲ್ಲಿದ್ದ ಹೆಂಗಸು ಎರಡು ಡಬ್ಬಿಗಳನ್ನೂ ನೋಡಿ, ಒಂದೇ ಬಣ್ಣ ಎರಡು ಬೇಕಾ ಎಂದು ಕೇಳಿದಳು. ಅಲ್ಲ, ಬೇರೆ ಬೇರೆ ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ.

ಮನೆಗೆ ಬಂದು ಹಸಿರು ಗೋಡೆಯ ಮೇಲೆ ಅಕ್ಕಪಕ್ಕ ಎರಡು ಚೌಕ ಬಳಿದೆ. ವಸುಧಾ ಕೋಟು ಕೂಡ ತೆಗೆಯದೆ ಬಂದು ನೋಡಿದಳು. ಒಂದಕ್ಕೆ ಬೆರಳು ತೋರಿಸಿ "ಇದು ನಿಮ್ಮ ರಾಗಿ ಅಂಬಲಿ" ಎಂದಳು. ಇನ್ನೊಂದಕ್ಕೆ ತೋರಿಸಿ "ಇದು ನಮ್ಮ ಜ್ವಾಳದ ಅಂಬಲಿ. ಎರಡೂ ಆರಿ ಹೋಗ್ಯಾವ" ಎಂದು ಒಳಗೆ ಹೋದಳು. ಅಂದಿನಿಂದ ಅವುಗಳ ಇಂಗ್ಲಿಷ್ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ರಾಗಿ ಅಂಬಲಿಯಲ್ಲಿ ಬೂದಿಯ ಹಿಂದೆ ಒಂದು ಹನಿ ಕಂದು ಇತ್ತು, ಜೋಳದ ಅಂಬಲಿಯಲ್ಲಿ ಒಂದು ಹನಿ ಹಳದಿ. ಇತ್ತು ಎಂದು ನಾನು ಹೇಳುತ್ತಿದ್ದೆ, ಬೇರೆ ಯಾರೂ ಒಪ್ಪಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಸಂಶೋಧನೆ. ಬೆಳಗಿನ ಬೆಳಕಿನಲ್ಲಿ ರಾಗಿ ಗಂಭೀರವಾಗಿ ಕಾಣುತ್ತಿತ್ತು, ಜೋಳ ಸಪ್ಪೆಯಾಗಿ. ಮಧ್ಯಾಹ್ನ ಜೋಳಕ್ಕೆ ಒಂದು ಕಳೆ ಬಂದು ರಾಗಿ ಮುಖ ಗಂಟುಹಾಕಿಕೊಳ್ಳುತ್ತಿತ್ತು. ಮೋಡ ಬಂದರೆ ಎರಡೂ ಸೋಲುತ್ತಿದ್ದವು. ಲಾಂಗ್ ಐಲೆಂಡಿನಲ್ಲಿ ಚಳಿಗಾಲದ ಆಕಾಶ ಹೇಗಿರುತ್ತದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಎಷ್ಟೋ ದಿನ ಕಿಟಕಿಯ ಹೊರಗೂ ಅದೇ ಬಣ್ಣ, ಒಳಗೂ ಅದೇ ಬಣ್ಣ. ನಾನು ಕುರ್ಚಿ ಹಾಕಿಕೊಂಡು ಮಧ್ಯೆ ಕೂತಿರುತ್ತಿದ್ದೆ. ಬ್ಯಾಂಕಿನಲ್ಲಿದ್ದಾಗ ಯಾವ ವಸ್ತುವನ್ನೂ ಅಷ್ಟು ಹೊತ್ತು ನೋಡಿದವನಲ್ಲ. ಮನೆಯಲ್ಲಿ ಒಬ್ಬನೇ ಇರುವುದು ಎಷ್ಟು ಉದ್ದದ ಕೆಲಸ ಎಂಬುದು ನನಗೆ ಆಗ ತಿಳಿಯಿತು. ಫ್ರಿಜ್ ಒಮ್ಮೆ ಗುಂಯ್ ಅಂದು ನಿಂತರೆ, ಮತ್ತೆ ಅದು ಗುಂಯ್ ಅನ್ನುವವರೆಗೂ ಮನೆಯಲ್ಲಿ ಬೇರೆ ಸದ್ದಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದ ಕಂಪನಿಗಳಿಂದ ಉತ್ತರ ಬಂದಿದೆಯಾ ಎಂದು ನೋಡುವುದು, ಬಂದಿಲ್ಲದಿದ್ದರೆ ಗೋಡೆ ನೋಡುವುದು. ಗೋಡೆಯಾದರೂ ದಿನದಲ್ಲಿ ನಾಲ್ಕಾರು ಸಲ ಬಣ್ಣ ಬದಲಿಸಿ ನನಗೆ ಏನೋ ಒಂದು ಉತ್ತರ ಕೊಡುತ್ತಿತ್ತು.

ಒಂದು ದಿನ ಶೆಟ್ಟರು ಬಂದರು. ಕುಂದಾಪುರ ಕಡೆಯವರು, ಪಕ್ಕದ ರಸ್ತೆಯಲ್ಲಿದ್ದಾರೆ, ಹಿಂದೆ ಎರಡು ಹೋಟೆಲು ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು. ಅನಘಾ ಅವರನ್ನು ಶೆಟ್ಟಿ ಅಂಕಲ್ ಅನ್ನುತ್ತಾಳೆ, ಹಾಗಾಗಿ ನಾವೂ ಅನ್ನುತ್ತೇವೆ. ನೀರುದೋಸೆ ಕೊಟ್ಟು ಹೋಗಲು ಬಂದವರನ್ನು ನಾನು ಬಿಡದೆ ಕೋಣೆಗೆ ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದೆ. ಶೆಟ್ಟರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಇದೆಂತ ಮಾರಾಯ್ರೆ, ಬರೀ ಅಡಿಬಣ್ಣದ ಪ್ರೈಮರ್ ಹೊಡೆದು ಬಿಟ್ಟದ್ದಾ?"

"ಅಲ್ಲ ಅಂಕಲ್, ಇದೇ ಬಣ್ಣ. ಎರಡು ಬೇರೆ ಬೇರೆ. ಯಾವುದು ಚೆನ್ನಾಗಿದೆ ಹೇಳಿ."

"ಎರಡು ಎಲ್ಲಿ ಉಂಟು? ನನಗೆ ಒಂದೇ ಕಾಣೂದು." ನನ್ನ ಬೇಸರ ಗಮನಿಸಿ, "ನೋಡಿ, ನನ್ನ ಹೋಟ್ಲಿಗೆ ನಾನು ಕೆಂಪು ಹೊಡೆಸಿದ್ದು. ಕೆಂಪು ನೋಡಿದ್ರೆ ಹಸಿವು ಆಗ್ತದೆ ಅಂತ ಹೇಳ್ತಾರೆ. ನೀವು ಇದ್ರ ಮುಂದೆ ಕೂತ್ರೆ ಅವರಿಗೆ ನಿದ್ರೆ ಬರೂದು ಅಷ್ಟೇ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, ಬೇರೆ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ, "ಕೆಲಸದ್ದು ಎಂತಾದ್ರೂ ಆಯ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ಆಗ್ತದೆ, ಆಗ್ತದೆ. ನೀರುದೋಸೆ ಬಿಸಿ ಇರುವಾಗ್ಲೇ ತಿನ್ನಿ" ಎಂದು ಹೋದರು. ಆ ದೋಸೆಯನ್ನೂ ನಾನು ಗೋಡೆಯ ಪಕ್ಕ ಹಿಡಿದು ನೋಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅನಘಾಳ ಅಭಿಪ್ರಾಯವನ್ನೂ ಕೇಳಲೇಬೇಕಿತ್ತು, ಕೋಣೆ ಅವಳದು. ವಿಡಿಯೊ ಕಾಲ್ ಮಾಡಿ ರಾಗಿಯ ಮುಂದೆ ಕೂತೆ, ಆಮೇಲೆ ಜರುಗಿ ಜೋಳದ ಮುಂದೆ ಕೂತೆ. "ಈಗ ನೋಡು ಪುಟ್ಟಿ. ಈಗ? ಯಾವುದರಲ್ಲಿ ಚೆನ್ನಾಗಿ ಕಾಣ್ತೀನಿ?"

"ಅಪ್ಪಾ, ದೇ ಆರ್ ದ ಸೇಮ್ ಕಲರ್."

"ಬಣ್ಣ ಬಿಡು. ನಾನು ಹೇಗೆ ಕಾಣ್ತೀನಿ ಹೇಳು."

ಅವಳು ಮುಖವನ್ನು ಫೋನಿಗೆ ಹತ್ತಿರ ತಂದು ನೋಡಿದಳು. "ಯೂ ಲುಕ್ ಟಯರ್ಡ್ ಇನ್ ಬೋತ್" ಎಂದಳು. ಆಮೇಲೆ, ಅವಳು ಚಿಕ್ಕವಳಾಗಿದ್ದಾಗ ನಾವು ಅವಳನ್ನು ಕೇಳುತ್ತಿದ್ದ ದನಿಯಲ್ಲೇ, "ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿದಳು. ಅವಳು ಕನ್ನಡದಲ್ಲಿ ಮಾತಾಡಿದರೆ ನಮ್ಮ ಪರಿಸ್ಥಿತಿ ಚೆನ್ನಾಗಿಲ್ಲ ಎಂದು ಅರ್ಥ. ಆಯ್ತಮ್ಮ ಎಂದು ಹೇಳಿ ಫೋನಿಟ್ಟೆ. ಅವಳು ಸೂಕ್ಷ್ಮವಾಗಿ ಹೇಳದೆ ಬಿಟ್ಟ ಇನ್ನೊಂದು ವಿಷಯ ನನಗೇ ಕಾಣಿಸಿತ್ತು. ಎರಡೂ ಬಣ್ಣಗಳು ಹೆಚ್ಚುಕಡಿಮೆ ನನ್ನ ತಲೆಗೂದಲಿನ ಬಣ್ಣವೇ ಆಗಿದ್ದವು. ಕ್ಯಾಮೆರಾದಲ್ಲಿ ತಲೆ ಗೋಡೆಯಲ್ಲಿ ಕರಗಿಹೋಗಿ ಬರೀ ಒಂದು ಮುಖ ನೇತುಹಾಕಿದ ಹಾಗೆ ಕಾಣುತ್ತಿತ್ತು.

ಮನುಷ್ಯರಿಂದ ಆಗದ ಮೇಲೆ ದೇವರಿಗೇ ಬಿಟ್ಟೆ. ಮೈಸೂರಿನಲ್ಲಿ ನನ್ನ ಅಮ್ಮ ಯಾವುದೇ ವಿಷಯ ಇತ್ಯರ್ಥವಾಗದಿದ್ದರೆ ಹೂ ಪ್ರಸಾದ ಕೇಳುತ್ತಿದ್ದಳು. ದೇವರ ಪಟದ ಮೇಲೆ ಬಲಕ್ಕೊಂದು, ಎಡಕ್ಕೊಂದು ಹೂ ಇಟ್ಟು ಕೈಮುಗಿದು ಕೂರುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಅಕ್ಕನ ಗಂಡನ್ನು ಒಪ್ಪಿದ್ದು ಹಾಗೆ. ನಾನು ಅಮೆರಿಕಕ್ಕೆ ಹೊರಟಾಗಲೂ ಕೇಳಿದ್ದಳು. ಯಾವ ಕಡೆಯದು ಬಿತ್ತೆಂದು ನನಗೆ ಹೇಳಲಿಲ್ಲ. ನಮ್ಮ ಮನೆಯಲ್ಲಿ ದೇವರು ಇರುವುದು ಟವೆಲ್ಲು ಇಡಲೆಂದು ಕಟ್ಟಿದ ಗೋಡೆ ಕಪಾಟಿನಲ್ಲಿ. ಸ್ಟೇಷನ್ನಿನ ಹತ್ತಿರದ ಇಂಡಿಯನ್ ಅಂಗಡಿಯಿಂದ ಸೇವಂತಿಗೆ ತಂದು, ಸ್ನಾನ ಮಾಡಿ, ಪಟದ ಮೇಲೆ ಎರಡು ಹೂ ಇಟ್ಟು, ಬಲಕ್ಕೆ ರಾಗಿ, ಎಡಕ್ಕೆ ಜೋಳ ಎಂದು ಗಟ್ಟಿಯಾಗಿ ಹೇಳಿ, ದೇವರಿಗೆ ಗೊಂದಲವಾಗದಿರಲಿ ಎಂದು ಎರಡು ಬಣ್ಣದ ಚೀಟಿಗಳನ್ನೂ ಮುಂದಿಟ್ಟು ಕೂತೆ.

ಕಣ್ಣು ಮುಚ್ಚುವಷ್ಟರಲ್ಲಿ ಎಡಗಡೆಯ ಹೂ ಹಾರಿ ಬಂದು ನನ್ನ ತೊಡೆಯ ಮೇಲೆ ಬಿತ್ತು. ಜೋಳ! ಸಂತೋಷಪಡಬೇಕೆನ್ನುವಾಗ ಕಾಲಿಗೆ ಬೆಚ್ಚನೆಯ ಗಾಳಿ ತಗುಲಿತು. ಕಪಾಟಿನ ಎಡಬದಿಗೆ ಸರಿಯಾಗಿ ನೆಲದಲ್ಲಿ ಹೀಟರಿನ ಗಾಳಿಕಿಂಡಿ ಇದೆ. ಬಿದ್ದದ್ದು ದೇವರ ಇಚ್ಛೆಯಿಂದಲ್ಲ, ಹೀಟರ್ ಆನ್ ಆದದ್ದರಿಂದ. ಇದನ್ನು ಹೇಗೆ ಒಪ್ಪುವುದು? ಹೀಟರ್ ಪೂರ್ತಿ ಆಫ್ ಮಾಡಿ, ಹೂ ಮತ್ತೆ ಇಟ್ಟು, ಜಾಕೆಟ್ಟು ಮಫ್ಲರು ಹಾಕಿಕೊಂಡು ಕೂತೆ. ಈಗ ಯಾವ ಹೂವೂ ಅಲ್ಲಾಡಲಿಲ್ಲ. ಕಾಯುತ್ತ ಕಾಯುತ್ತ ನನ್ನ ಪ್ರಶ್ನೆಯೇ ಬದಲಾಗಿಹೋಯಿತು. ಬಣ್ಣದ ಮಾತು ಮರೆತು, ಕೆಲಸ ಸಿಗುತ್ತದೋ ಇಲ್ಲವೋ ಅಷ್ಟಾದರೂ ಹೇಳು ಎಂದು ಕೇಳುತ್ತಿದ್ದೆ. ಎರಡೂ ಹೂಗಳು ಇದ್ದಲ್ಲೇ ಇದ್ದವು.

ವಸುಧಾಳನ್ನು ಕರೆದುಕೊಂಡು ಬರುವ ಹೊತ್ತಾಗಿ ಎದ್ದು ಹೋದೆ. ಮನೆಯೊಳಗೆ ಕಾಲಿಟ್ಟ ಅವಳು "ಅಯ್ಯ, ಮನಿ ಯಾಕ ಹಿಂಗ ಥಣ್ಣಗ ಆಗೇದ? ಹೀಟರ್ ಕೆಟ್ಟದೇನು?" ಎಂದಳು. ಹೇಳದೆ ವಿಧಿಯಿರಲಿಲ್ಲ. ಕೇಳಿ, ಕಪಾಟಿನ ಬಾಗಿಲು ತೆಗೆದು, ಪಟದ ಮೇಲಿನ ಹೂಗಳನ್ನೂ ಮುಂದಿದ್ದ ಚೀಟಿಗಳನ್ನೂ ನೋಡಿ ನಗತೊಡಗಿದಳು. "ದೇವರಿಗೂ ಸೆಕೆಂಡ್ ರೌಂಡ್ ಇಂಟರ್‌ವ್ಯೂ ಇಟ್ಟೀರೇನ್ರೀ? ಪಾಪ, ಮೊದಲನೇ ರೌಂಡಿನಾಗ ಪಾಸಾಗಿದ್ನಲ್ಲ!" ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ನಾನೂ ನಕ್ಕೆ. ನಗು ಮುಗಿದ ಮೇಲೆ ಅವಳು ಹೋಗಿ ಹೀಟರ್ ಹಾಕಿದಳು.

ಈ ನಡುವೆ ನ್ಯೂಜೆರ್ಸಿಯ ಒಂದು ಕಂಪನಿಯಿಂದ ಕರೆ ಬಂತು. ಪ್ಲೇನ್ಸ್‌ಬರೋ ಹತ್ತಿರ ಆಫೀಸು. ಹಿಕ್ಸ್‌ವಿಲ್ಲಿನಿಂದ ಅಲ್ಲಿಗೆ ದಿನಾ ಡ್ರೈವ್ ಮಾಡುವುದೆಂದರೆ ಅರ್ಧ ಆಯುಷ್ಯ ಸೇತುವೆಗಳ ಮೇಲೆ ಕಳೆದ ಹಾಗೆ, ಆದರೆ ಆ ಹೊತ್ತಿಗೆ ನನಗೆ ಸೇತುವೆಯ ಮೇಲೆ ಸಿಕ್ಕಿಹಾಕಿಕೊಳ್ಳುವುದೂ ಒಂದು ಭಾಗ್ಯವಾಗಿ ಕಾಣುತ್ತಿತ್ತು. ಮೊದಲಿನದೆಲ್ಲ ಫೋನಿನಲ್ಲೇ ಆಯಿತು, ಚೆನ್ನಾಗಿಯೇ ಆಯಿತು. ನಾನು ಮಾಡುತ್ತಿದ್ದ ಕೆಲಸವನ್ನೇ ಅವರು ಕೇಳುತ್ತಿದ್ದರು, ನನಗೆ ಬರುವ ಪ್ರಶ್ನೆಗಳನ್ನೇ ಕೇಳಿದರು. ಕೊನೆಯ ಸುತ್ತು ಮಾತ್ರ ಕ್ಯಾಮೆರಾ ಮುಂದೆ, ಬರುವ ವಾರ ಎಂದರು. ಗೋಡೆಯ ಮೇಲೆ ಇನ್ನೂ ಹಸಿರು ಇತ್ತು, ಹಸಿರಿನ ಮೇಲೆ ಎರಡು ಚೌಕ ಇದ್ದವು. ನಾನು ಮೂರನೆಯ ಬಣ್ಣವೊಂದರ ಚೀಟಿ ತಂದಿದ್ದೆ.

ಅದನ್ನು ನೋಡಿದಾಗ ವಸುಧಾಳಿಗೆ ಸಿಟ್ಟು ಬಂತು. "ಗೋಡಿ ನೋಡಿ ಯಾರೂ ಕೆಲಸ ಕೊಡಂಗಿಲ್ರಿ" ಎಂದಳು. "ನನಗ ಗೊತ್ತದ ನಿಮಗ ಬಣ್ಣದ್ದು ಚಿಂತಿ ಅಲ್ಲ. ಗೋಡಿ ಮುಗದ್ರ ಆಮ್ಯಾಲೆ ತಪ್ಪು ಯಾವುದರ ಮ್ಯಾಲೆ ಹಾಕೋದು ಅಂತ ಚಿಂತಿ."

ಅವಳು ಹೇಳಿದ್ದು ನಿಜವಾಗಿತ್ತು. ಹಸಿರು ಗೋಡೆ ಇರುವವರೆಗೂ ತಪ್ಪು ಗೋಡೆಯದು. ಅದಕ್ಕೆ ಸರಿಯಾದ ಬಣ್ಣ ಬಳಿದ ಮೇಲೂ ಬೇಡ ಎಂದರೆ, ಬೇಡವಾದದ್ದು ನಾನೇ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಕ್ಕೆ ಹೆದರಿ ನಾನು ಒಂದು ಹನಿ ಕಂದಿನ, ಒಂದು ಹನಿ ಹಳದಿಯ ಹಿಂದೆ ಅಡಗಿ ಕೂತಿದ್ದೆ.

ಆ ಶನಿವಾರ ಬೆಳಿಗ್ಗೆ ವಸುಧಾ ನನಗೆ ಉದ್ದದ ಸಾಮಾನಿನ ಪಟ್ಟಿ ಹೇಳಿ ಅಂಗಡಿಗೆ ಕಳಿಸಿದಳು. ಕೊತ್ತಂಬರಿ ಒಂದು ಕಡೆ, ಜೋಳದ ಹಿಟ್ಟು ಇನ್ನೊಂದು ಕಡೆ, ಮೊಸರು ಮತ್ತೊಂದು ಕಡೆಯೇ ತರಬೇಕು ಎಂದಳು. ಎಲ್ಲ ಸುತ್ತಿ, ಎರಡು ಬ್ರ್ಯಾಂಡಿನ ಅವಲಕ್ಕಿಯ ಮುಂದೆ ನಿಂತು ಸಾಕಷ್ಟು ಹೊತ್ತು ಕಳೆದು ಮನೆಗೆ ಬಂದಾಗ ಬಾಗಿಲಲ್ಲೇ ಹೊಸ ಬಣ್ಣದ ವಾಸನೆ. ಓಡಿ ಹೋಗಿ ನೋಡಿದರೆ ಕ್ಯಾಮೆರಾಕ್ಕೆ ಕಾಣುವ ಗೋಡೆ ಪೂರ್ತಿ ಮುಗಿದಿತ್ತು. ಹಸಿರೂ ಇಲ್ಲ, ಚೌಕಗಳೂ ಇಲ್ಲ. ವಸುಧಾ ಗುಟ್ಟಾಗಿ ತರಿಸಿದ್ದ ದೊಡ್ಡ ಡಬ್ಬಿ ಖಾಲಿಯಾಗಿತ್ತು, ಶೆಟ್ಟರು ಏಣಿಯ ಮೇಲಿಂದ ಇಳಿಯುತ್ತಿದ್ದರು. ವಸುಧಾ ನನ್ನ ಹಳೆಯ ಆಫೀಸು ಅಂಗಿ ತೊಟ್ಟು, ಕೆನ್ನೆಗೆಲ್ಲ ಬಣ್ಣ ಹಚ್ಚಿಕೊಂಡು ನಿಂತಿದ್ದಳು.

"ಯಾವುದು ಹಚ್ಚಿದೆ?" ಎಂದೆ.

"ನೀವೇ ಹೇಳ್ರಿ. ಇಷ್ಟು ದಿನ ನೋಡೀರಲ್ಲ."

ನಾನು ಹತ್ತಿರ ಹೋಗಿ ನೋಡಿದೆ, ದೂರ ನಿಂತು ನೋಡಿದೆ, ಕಿಟಕಿಯ ಪರದೆ ಸರಿಸಿ ನೋಡಿದೆ. ಶೆಟ್ಟರು ಕೈಕಟ್ಟಿ ಕಾಯುತ್ತಿದ್ದರು. ಇಡೀ ಚಳಿಗಾಲ ಇವೆರಡಕ್ಕೂ ಆಕಾಶ ಭೂಮಿಯ ವ್ಯತ್ಯಾಸವಿದೆ ಎಂದು ವಾದಿಸಿದವನಿಗೆ ಒಂದನ್ನು ಬಿಟ್ಟು ಒಂದನ್ನು ತೋರಿಸಿದರೆ ಏನೂ ಗೊತ್ತಾಗಲಿಲ್ಲ. ಕೊನೆಗೆ ಬಹಳ ಗಾಂಭೀರ್ಯದಿಂದ, ರಾಗಿ ಎಂದೆ.

"ಜ್ವಾಳ" ಎಂದಳು ವಸುಧಾ.

"ಹೌದಾ? ನಾನು ಹೊಡೆದದ್ದು ಎಂತದಂತ ನನಗೂ ಗೊತ್ತಿಲ್ಲ ಮಾರಾಯ್ರೆ" ಎಂದು ಶೆಟ್ಟರು ಕೈತೊಳೆಯಲು ಹೋದರು.

ಇಂಟರ್‌ವ್ಯೂ ಚೆನ್ನಾಗಿ ಆಯಿತು. ಇದನ್ನು ಒಣ ಹೆಮ್ಮೆಯಿಂದ ಹೇಳುತ್ತಿಲ್ಲ, ನಿಜವಾಗಿ ಚೆನ್ನಾಗಿ ಆಯಿತು. ಆ ದಿನ ಪ್ಯಾಂಟು ಹಾಕಿದ್ದೆ. ತೆರೆಯ ಮೇಲೆ ಮೂರು ಮುಖಗಳಿದ್ದವು, ಮೂರೂ ನಗುತ್ತಿದ್ದವು. ಗೋಡೆಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಗೋಡೆ ಇರಬೇಕಾದದ್ದೇ ಹಾಗೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಒಮ್ಮೆ ಅವರನ್ನು ನಗಿಸಿದೆ. ಮುಗಿದ ಮೇಲೂ ಕುರ್ಚಿಯಿಂದ ಏಳದೆ, ಆರಿಹೋದ ತೆರೆಗೆ ಇನ್ನೊಮ್ಮೆ ಥ್ಯಾಂಕ್ಯೂ ಎಂದೆ. ಈ ಕೆಲಸ ನನಗೆ ಎಷ್ಟು ಬೇಕಾಗಿದೆ ಎಂದು ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂಬಳದ ಮಾತಲ್ಲ, ವಸುಧಾಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗಬೇಕಾಗಿತ್ತು, ಅಲ್ಲಿ ಯಾರಾದರೂ ನನಗಾಗಿ ಕಾಯುತ್ತಿರಬೇಕಾಗಿತ್ತು.

ಕರೆ ಬಂದದ್ದು ಎರಡು ವಾರದ ಮೇಲೆ ಒಂದು ಸಾಯಂಕಾಲ, ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ವಸುಧಾಳ ರೈಲಿಗೆ ಕಾಯುತ್ತ ಕೂತಿದ್ದಾಗ. ಕಂಪನಿಯ ಎಚ್.ಆರ್. ಹೆಂಗಸು. ದನಿ ಮೃದುವಾಗಿತ್ತು, ಅಷ್ಟರಲ್ಲೇ ಗೊತ್ತಾಯಿತು. ಕೊನೆಗೆ ಇಬ್ಬರು ಉಳಿದಿದ್ದರಂತೆ, ನಾನು ಮತ್ತು ಇನ್ನೊಬ್ಬ. ಅನುಭವವೂ ಹೆಚ್ಚುಕಡಿಮೆ ಅಷ್ಟೇ, ಮಾಡಿದ ಕೆಲಸವೂ ಅದೇ, ಮಾತಾಡುವ ರೀತಿಯೂ ಅದೇ. ಎಲ್ಲರೂ ಕೂತು ಬಹಳ ದಿನ ಚರ್ಚೆ ಮಾಡಿದರಂತೆ, ಒಂದು ದಿನ ನಾನು ಅನ್ನಿಸುತ್ತಿತ್ತಂತೆ, ಮರುದಿನ ಅವನು ಅನ್ನಿಸುತ್ತಿತ್ತಂತೆ. ಕೊನೆಗೆ ಅವನನ್ನು ತೆಗೆದುಕೊಂಡರು. ನಾನು ಸಾಮಾನ್ಯವಾಗಿ ಥ್ಯಾಂಕ್ಯೂ ಹೇಳಿ ಇಟ್ಟುಬಿಡುವವನು. ಆ ದಿನ ಏನನ್ನಿಸಿತೋ, ನಮ್ಮಿಬ್ಬರಲ್ಲಿ ವ್ಯತ್ಯಾಸ ಏನಿತ್ತು ಎಂದು ಕೇಳಿದೆ. ಪಾಪ, ಅವಳು ನಿಜವಾಗಿ ಯೋಚಿಸಿ ನೋಡಿದಳು. "ಆನೆಸ್ಟ್‌ಲಿ, ನಥಿಂಗ್. ವೀ ಜಸ್ಟ್ ಹ್ಯಾಡ್ ಟು ಪಿಕ್ ಒನ್" ಎಂದಳು.

ರೈಲು ಬಂತು. ವಸುಧಾ ಕಾರಿನಲ್ಲಿ ಕೂತು, ಬೆಲ್ಟು ಹಾಕಿಕೊಳ್ಳುವ ಮೊದಲೇ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. ನಾನು ಹೇಳಿದೆ, ಅವಳು ಪೂರ್ತಿ ಕೇಳಿದಳು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಅವನ ಮನ್ಯಾಗ ಇವತ್ತು ಪಾಯಸ ಮಾಡಿರ್ತಾರ ನೋಡ್ರಿ" ಎಂದಳು. ನನಗೂ ಅದೇ ಮನೆ ಕಣ್ಣ ಮುಂದೆ ಬರುತ್ತಿತ್ತು. ಅಲ್ಲೂ ಒಬ್ಬ ಹೆಂಡತಿ, ಅಲ್ಲೂ ಬೆಳ್ಳಗಾದ ಕೂದಲಿನ ಒಬ್ಬ ಗಂಡ, ಅವನೂ ಆರಿಹೋದ ತೆರೆಗೆ ಥ್ಯಾಂಕ್ಯೂ ಹೇಳಿರಬೇಕು. ಅವನ ಗೋಡೆ ಯಾವ ಬಣ್ಣದ್ದೋ.

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ ಮೂರು ನಾಲ್ಕು ಜನ ಕೂತು, ನಮ್ಮಿಬ್ಬರನ್ನೂ ಅಕ್ಕಪಕ್ಕ ಇಟ್ಟುಕೊಂಡು, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಇವನೋ ಅವನೋ ಎಂದು ಒದ್ದಾಡಿ, ಸಾಕಾಗಿ ಯಾರನ್ನೋ ಒಬ್ಬನನ್ನು ಎತ್ತಿಕೊಂಡಿದ್ದಾರೆ. ಆ ಕೆಲಸ ಎಷ್ಟು ಕಷ್ಟದ್ದೆಂದು ಈ ಲಾಂಗ್ ಐಲೆಂಡಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ವ್ಯತ್ಯಾಸ ಏನೂ ಇರಲಿಲ್ಲ ಎಂದು ಆ ಹೆಂಗಸು ಫೋನ್ ಮಾಡಿಯಾದರೂ ಹೇಳಿದಳು. ನಾನು ಬೇಡವಾಗಿ ಮೂಲೆಗೆ ಬಿದ್ದ ಆ ರಾಗಿಯ ಡಬ್ಬಿಗೆ ಅಷ್ಟನ್ನೂ ಹೇಳಿರಲಿಲ್ಲ.